ಒಂದು ಮೊಳ ತಿಳಿನೀರು

ಖಾದರ್ ಬಾಷಾ ಎಷ್ಟು ಎತ್ತರದ ಮನುಷ್ಯ ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ನನ್ನ ಭುಜದ ಹತ್ತಿರ ಕೈ ಅಡ್ಡ ಹಿಡಿದು "ಇಷ್ಟು" ಎಂದು ತೋರಿಸಿಬಿಡುತ್ತಿದ್ದೆ. ನಾನೇ ಐದಡಿ ಎರಡಂಗುಲದವಳು. ಅವರು ಎದುರಿಗೆ ಬಂದು ನಿಂತರೆ ಕಾಣುತ್ತಿದ್ದದ್ದು ಒಂದು ಬಿಳಿ ಟೋಪಿ, ಅದರ ಕೆಳಗೆ ನೆಲದ ಜೊತೆ ಮಾತಾಡುತ್ತಿರುವ ಹಾಗಿದ್ದ ಒಂದು ನರೆತ ಗಡ್ಡ. ಮುಖ ಸರಿಯಾಗಿ ನೋಡಿದ್ದೇ ಇಲ್ಲ. ಹೀಗೇ ಎಂಟು ತಿಂಗಳು ಕಳೆಯಿತು ಎಂದರೆ ನೀವು ನಂಬಬೇಕು.

ನಾನು ಶಶಿರೇಖಾ. ಆರ್.ಟಿ. ನಗರದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಿ.ಟಿ. ಮಿಸ್ ಆಗಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೈದಾನದಲ್ಲಿ ಕೂಗಿ ಕೂಗಿ ಗಂಟಲೂ ಅದಕ್ಕೆ ತಕ್ಕ ಹಾಗೇ ಬೆಳೆದಿದೆ. ನಿವೃತ್ತಿಯಾದ ಮೇಲೆ ಯಲಹಂಕದಾಚೆಯ ಈ ಬಡಾವಣೆಗೆ ಬಂದೆ. ಒಂದು ಕಾಲಕ್ಕೆ ಇದು ಶ್ರೀರಾಮಪ್ಪ ಎನ್ನುವವರ ದ್ರಾಕ್ಷಿ ತೋಟವಂತೆ. ಬಳ್ಳಿಗಳು ಹೋಗಿ ಮನೆಗಳು ಎದ್ದವು, ತೋಟಕ್ಕೆ ನೀರು ಕೊಡುತ್ತಿದ್ದ ಕೊಳ ಮಾತ್ರ ನಮ್ಮ ಪಾರ್ಕಿನ ನಡುವೆ ಉಳಿದುಕೊಂಡಿತು. ಎರಡು ವಾಲಿಬಾಲ್ ಕೋರ್ಟ್ ಜೋಡಿಸಿಟ್ಟಷ್ಟು ದೊಡ್ಡದು, ನಡುವೆ ಎದೆಮಟ್ಟದ ನೀರು, ಒಂದು ಕಡೆ ಏಳು ಕಲ್ಲಿನ ಮೆಟ್ಟಿಲು.

ಪಾರ್ಕ್ ಕಮಿಟಿಯನ್ನು ಯಾರೂ ವಹಿಸಿಕೊಳ್ಳಲು ಬರಲಿಲ್ಲ, ನಾನು ವಹಿಸಿಕೊಂಡೆ. ಕೊಳದ ಪಕ್ಕದ ಇಳಿಜಾರಿನಲ್ಲಿ ನನ್ನ ಗುಲಾಬಿ ಮಡಿಗಳಿವೆ, ಒಟ್ಟು ಅರವತ್ತೆರಡು ಗಿಡ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಒಮ್ಮೆ ಎರಡನೆಯ ಬಹುಮಾನ ಬಂದಿದೆ. ಈ ಮಾತನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ.

ಕೊಳದ ಅವಸ್ಥೆ ಆಗ ಹೇಳತೀರದು. ಈ ದಡದಿಂದ ಆ ದಡಕ್ಕೆ ಪಾಚಿ, ಪಾಚಿಯ ಮೇಲೆ ಅಂತರಗಂಗೆ, ಅಂಚಿಗೆ ಆಳೆತ್ತರದ ಜೊಂಡು. ಬಿಸಿಲೇರಿದರೆ ವಾಸನೆ ಮೂರನೇ ಕ್ರಾಸಿನವರೆಗೂ ಹೋಗುತ್ತಿತ್ತು. ಸಂಘದ ಅಧ್ಯಕ್ಷರು ಕಾಶಿನಾಥ, ರಿಟೈರ್ಡ್ ಎಂಜಿನಿಯರು. ಸಭೆಯಲ್ಲಿ ಎದ್ದು, "ಮಣ್ಣು ಹೊಡೆಸಿ ಮುಚ್ಚಿಬಿಡೋಣ, ನಲವತ್ತು ಕಾರು ನಿಲ್ಲುತ್ತೆ" ಎಂದರು. ನನಗೆ ಮೈಯೆಲ್ಲ ಉರಿಯಿತು. ಶ್ರೀರಾಮಪ್ಪನವರ ಕಾಲದಿಂದ ಇದ್ದ ನೀರು, ನಮ್ಮ ಕಾರಿಗೆ ಜಾಗ ಬೇಕು ಎಂದು ಮುಚ್ಚುವುದೇ? ನಾನು ಕ್ಲೀನ್ ಮಾಡಿಸಿ ತೋರಿಸುತ್ತೇನೆ ಎಂದು ತೊಡೆ ತಟ್ಟಿಬಿಟ್ಟೆ. ಮಾಡಿಸುವುದು ಯಾರಿಂದ ಎನ್ನುವುದು ಆಗ ನನಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮುನಿಕೆಂಪಮ್ಮನಿಗೆ. ಅವಳು ನಮ್ಮ ಪಾರ್ಕಿನ ತೋಟದ ಕೆಲಸದವಳು. ಹುಡುಗಿಯಾಗಿದ್ದಾಗ ಇದೇ ತೋಟದಲ್ಲಿ ದ್ರಾಕ್ಷಿ ಕೊಯ್ದವಳು.

"ಬಾಗಲಗುಂಟೇಲಿ ಒಬ್ರು ಸಾಬ್ರು ಅವ್ರೆ ಅಮ್ಮೋರೆ," ಎಂದಳು. "ಕೊಳಕ್ಕಿಳಿದು ಕಳೆ ಕೀಳ್ತಾರೆ. ಮಿಷೀನು ಗಿಷೀನು ಏನೂ ಬ್ಯಾಡ ಅವರ್ಗೆ."

ನವೆಂಬರಿನ ಒಂದು ಬೆಳಿಗ್ಗೆ ಖಾದರ್ ಬಾಷಾ ಬಂದರು. ಕೋಲೂರಿಕೊಂಡು, ಸೊಂಟದಿಂದ ಮೇಲೆ ಪೂರ್ತಿ ಬಾಗಿಕೊಂಡು, ಗೇಟಿನಿಂದ ಕೊಳದವರೆಗೆ ನಡೆಯಲು ಕಾಲು ಗಂಟೆ ತೆಗೆದುಕೊಂಡರು. ಇವರು ಕೊಳಕ್ಕೆ ಇಳಿಯುವುದಿರಲಿ, ಇವರನ್ನು ಮನೆಗೆ ಕಳಿಸಲು ಆಟೋ ಕರೆಸಬೇಕಾಗುತ್ತದೆ ಎಂದುಕೊಂಡೆ. ಅವರು ನೆಲ ನೋಡುತ್ತ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ.

"ಮೊದಲು ನೆಟ್ಟಗೆ ನಿಂತ್ಕೊಂಡು ಮಾತಾಡ್ರೀ," ಎಂದೆ.

ಮೂವತ್ತೊಂದು ವರ್ಷ ಮಕ್ಕಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತು ಅದು. ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

"ಆಗಲ್ಲ ಮೇಡಂ," ಎಂದರು. "ಯಶವಂತಪುರ ಯಾರ್ಡಲ್ಲಿ ಮೂವತ್ತು ವರ್ಷ ಈರುಳ್ಳಿ ಮೂಟೆ ಹೊತ್ತೆ. ಬೆನ್ನು ಹಿಂಗೇ ನಿಂತ್ಬಿಡ್ತು."

ಆಮೇಲೆ ಕೈಚೀಲದಿಂದ ನೀಲಿ ಗೆರೆಯ ಒಂದು ಬಿಳಿ ಪಿಂಗಾಣಿ ತಟ್ಟೆ ತೆಗೆದರು. ಅಂಚಿಗೆ ಮೂರು ತೂತು ಕೊರೆದು ದಾರ ಕಟ್ಟಿದ ತಟ್ಟೆ, ಒಳಗೆ ಒಂದು ಕಲ್ಲು. ಮೆಟ್ಟಿಲ ಮೇಲೆ ಕೂತು, ಅಂತರಗಂಗೆಯನ್ನು ಕೋಲಿನಿಂದ ಸರಿಸಿ ತಟ್ಟೆಯನ್ನು ನೀರಿಗೆ ಇಳಿಬಿಟ್ಟರು. ತಟ್ಟೆ ಚೂರು ಇಳಿಯುವುದರೊಳಗೆ ಮಾಯವಾಯಿತು. ದಾರ ಒದ್ದೆಯಾದಷ್ಟನ್ನು ಬೆರಳಿನಿಂದ ಅಳೆದರು.

"ನಾಲ್ಕು ಬೆರಳು. ಮೀನೆಲ್ಲ ಉಸಿರು ಕಟ್ಕೊಂಡಿದಾವೆ ಮೇಡಂ."

ಅಳತೆಯಾದ ಮೇಲೆ ತಟ್ಟೆಯನ್ನು ನಲ್ಲಿಯಲ್ಲಿ ಉಜ್ಜಿ ತೊಳೆದು ಬಿಸಿಲಿಗಿಟ್ಟರು. ಮಧ್ಯಾಹ್ನ ಅದರಲ್ಲೇ ಊಟ ಅಂತ ಆಮೇಲೆ ಗೊತ್ತಾಯಿತು.

ಅವತ್ತು ಅವರು ನೀರಿಗೆ ಇಳಿದದ್ದನ್ನು ನಾನು ಈಗಲೂ ಮರೆತಿಲ್ಲ. ಕೋಲನ್ನು ಮೊದಲ ಮೆಟ್ಟಿಲಲ್ಲಿ ಒರಗಿಸಿಟ್ಟರು. ಎರಡನೇ ಮೆಟ್ಟಿಲು, ಮೂರನೇ ಮೆಟ್ಟಿಲು, ಒಂದೊಂದಕ್ಕೂ ಕಲ್ಲು ಹಿಡಿದು ನಿಲ್ಲುತ್ತಿದ್ದರು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಸೊಂಟ ದಾಟಿದ್ದೇ ತಡ, ಆ ಬೆನ್ನು ಮೇಲೇಳತೊಡಗಿತು. ಅವಸರವಿಲ್ಲದೆ, ಸ್ವಲ್ಪಸ್ವಲ್ಪವೇ. ಎದೆಮಟ್ಟದ ನೀರಿಗೆ ಹೋಗುವಷ್ಟರಲ್ಲಿ ಭುಜ ಎರಡೂ ಸಮವಾಗಿ, ಕತ್ತು ನೇರವಾಗಿ, ಮನುಷ್ಯ ನನ್ನ ಶಾಲೆಯ ಧ್ವಜವಂದನೆಗೆ ನಿಂತ ಹಾಗೆ ನಿಂತಿದ್ದರು. ನಾನು ಬಾಯಿ ತೆರೆದವಳು ತೆರೆದ ಹಾಗೇ ಇದ್ದೆ. ಎಷ್ಟು ಸಾವಿರ ಮಕ್ಕಳ ಬೆನ್ನು ನೋಡಿದ್ದೇನೋ ನಾನು, ಇಂಥದ್ದನ್ನು ಕಂಡಿರಲಿಲ್ಲ.

ಪಕ್ಕದಲ್ಲಿದ್ದ ಮುನಿಕೆಂಪಮ್ಮ, "ನೀರಾಗೆ ಇಳುದ್ರೆ ಅವ್ರು ಅಂಗೇ ಅಮ್ಮೋರೆ," ಎಂದಳು, ದಿನಾ ನೋಡಿದವಳ ಹಾಗೆ.

ಅವರ ಕೆಲಸದ ಕ್ರಮವೇ ಬೇರೆ. ನೂಲಿನಂಥ ಪಾಚಿಗೆ ಒಂದು ಬಿದಿರಿನ ಗಳು, ಅದರ ತುದಿಗೆ ಜಾಲಿ ಮುಳ್ಳಿನ ಕೊಂಬೆ. ಅದನ್ನು ನೀರಲ್ಲಿ ಮೆಲ್ಲಗೆ ತಿರುಗಿಸುತ್ತ ಹೋದರೆ ಪಾಚಿ ಲಡಿ ಸುತ್ತಿಕೊಂಡ ಹಾಗೆ ಸುತ್ತಿಕೊಂಡು ಬರುತ್ತಿತ್ತು. ಜೊಂಡಿಗೆ ಹಮಾಲಿ ಕಾಲದ ಕಬ್ಬಿಣದ ಕೊಕ್ಕೆ. ಮೂಟೆಗೆ ಹಾಕಿ ಎಳೆಯುತ್ತಿದ್ದ ಕೊಕ್ಕೆಯನ್ನೇ ಬುಡಕ್ಕೆ ಹಾಕಿ ಎಳೆಯುತ್ತಿದ್ದರು. ಕಿತ್ತದ್ದನ್ನೆಲ್ಲ ತುಂಬುವುದು ಯಾರ್ಡಿನಿಂದ ತಂದ ಕೆಂಪು ಈರುಳ್ಳಿ ಬಲೆಚೀಲಕ್ಕೆ. ನೀರೊಳಗೆ ಚೀಲ ಎಷ್ಟು ತುಂಬಿದರೂ ಅವರು ಒಂದು ಬೆರಳಿನಲ್ಲಿ ತಳ್ಳಿಕೊಂಡು ಬರುತ್ತಿದ್ದರು. ದಡಕ್ಕೆ ಎಳೆಯುವುದು ಮುನಿಕೆಂಪಮ್ಮನ ಪಾಲು.

ಆದರೆ ಎರಡು ವಿಷಯಕ್ಕೆ ನನಗೂ ಅವರಿಗೂ ಸರಿಹೋಗಲಿಲ್ಲ. ಒಂದು, ಅವರು ಪೂರ್ತಿ ಕೀಳುತ್ತಿರಲಿಲ್ಲ. ಅಂತರಗಂಗೆ ಒಂದು ಮೂಲೆಯಲ್ಲಿ ಉಳಿಸಿದರು, ನನ್ನ ಗುಲಾಬಿ ಮಡಿಯ ಕೆಳಗಿನ ಅಂಚಿಗೆ ಉದ್ದಕ್ಕೂ ಜೊಂಡು ಬಿಟ್ಟರು. ಕೇಳಿದರೆ, "ಇರ್ಲಿ ಮೇಡಂ, ಅದಕ್ಕೂ ಕೆಲಸ ಇದೆ" ಎಂದಷ್ಟೇ. ಇನ್ನೊಂದು, ತುಂಬಿದ ಚೀಲಗಳನ್ನು ಅವತ್ತೇ ಸಾಗಿಸುತ್ತಿರಲಿಲ್ಲ. ಕೊನೆಯ ಮೆಟ್ಟಿಲ ಅಂಚಿಗೆ, ನೀರಿಗೆ ತಾಗುವ ಹಾಗೆ ಸಾಲಾಗಿ ಕಟ್ಟಿ ಹೋಗುತ್ತಿದ್ದರು. ಒಂದು ರಾತ್ರಿ ಅಲ್ಲೇ ಇರಬೇಕು, ಮಾರನೇ ದಿನವೇ ಗೊಬ್ಬರದ ಗುಂಡಿಗೆ. ವಾಸನೆ ಎಂದು ಅಕ್ಕಪಕ್ಕದವರು ನನ್ನ ಪ್ರಾಣ ತಿಂದರು.

ಒಂದು ದಿನ ಬೆಳಿಗ್ಗೆ ಐದೂವರೆಗೇ, ಇವತ್ತು ಇದಕ್ಕೊಂದು ಇತ್ಯರ್ಥ ಆಗಲೇಬೇಕು ಎಂದು ಹೊರಟೆ. ಅವರು ಆಗಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈಸನ್ನೆಯಲ್ಲಿ ಸುಮ್ಮನಿರಿ ಎಂದು ಚೀಲ ತೋರಿಸಿದರು. ನೋಡಿದೆ. ಬಲೆಚೀಲದ ಕಣ್ಣುಕಣ್ಣಿನಿಂದಲೂ ಏನೋ ಹೊರಬರುತ್ತಿತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳು, ಉಗುರಿನಷ್ಟೂ ಇಲ್ಲದ ಗಾಜಿನಂಥ ಸೀಗಡಿ, ಆರು ಕಾಲಿನ ಒಂದು ಕಂದು ಹುಳ. ಒಂದೊಂದೇ ಅಂಚಿಗೆ ಬಂದು, ತಡವರಿಸಿ, ನೀರಿಗೆ ಬೀಳುತ್ತಿದ್ದವು. ಹದಿನೇಳು ಚೀಲದಿಂದಲೂ ಹಾಗೇ. ಇಡೀ ಮೆಟ್ಟಿಲ ಉದ್ದಕ್ಕೂ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು.

"ಈ ಕಂದು ಹುಳ ಏರೋಪ್ಲೇನ್ ಚಿಟ್ಟೆ ಮರಿ," ಎಂದರು ಬಾಷಾ, ಪಿಸುದನಿಯಲ್ಲಿ. "ಸೊಳ್ಳೆಮರಿ ತಿನ್ನುತ್ತೆ. ಅವುಗಳ ಮನೆ ಕಿತ್ತಿದೀವಿ, ವಾಪಸ್ ಹೋಗೋಕೆ ಒಂದು ರಾತ್ರಿನಾದ್ರೂ ಬೇಡ್ವಾ?"

ನಾನು ಜಗಳವಾಡಲು ಬಂದದ್ದು ಮರೆತು ಬಿಸಿಲು ಬರುವವರೆಗೂ ಅಲ್ಲೇ ಕುಕ್ಕುರುಗಾಲಲ್ಲಿ ಕೂತಿದ್ದೆ. ಎದ್ದಾಗ ಕಾಲು ಜೋಮು ಹಿಡಿದಿತ್ತು. ವಾಸನೆಯ ದೂರು ತಂದವರಿಗೆ ಅಂದಿನಿಂದ ನಾನೇ ಜೋರು ಮಾಡತೊಡಗಿದೆ.

ಸಂಕ್ರಾಂತಿಯ ಹೊತ್ತಿಗೆ ತಟ್ಟೆ ಒಂದು ಗೇಣಿನವರೆಗೆ ಕಾಣತೊಡಗಿತು. ಆ ದಿನಗಳಲ್ಲೇ ಒಮ್ಮೆ ಅವರ ಹೆಂಡತಿ ಕುಲ್ಸುಮ್ ಬುತ್ತಿ ಹಿಡಿದು ಬಂದರು. ಬಾಷಾ ಬೆಳಿಗ್ಗೆ ಮರೆತು ಬಂದಿದ್ದರಂತೆ. ಬಾಗಲಗುಂಟೆಯಿಂದ ಎರಡು ಬಸ್ಸು ಬದಲಾಯಿಸಿ, ಮಂಡಿ ಹಿಡಿದುಕೊಂಡು ದಡಕ್ಕೆ ಬಂದವರು ಕೊಳದ ನಡುವೆ ಗಂಡನನ್ನು ನೋಡಿ ನಿಂತುಬಿಟ್ಟರು. ಬುತ್ತಿ ಕೈಯಲ್ಲೇ ಇತ್ತು.

"ಯಾಕಮ್ಮ, ಏನಾಯ್ತು?" ಎಂದೆ.

"ನಿಕಾಹ್ ದಿನ ಇವ್ರು ಹಿಂಗೇ ನಿಂತಿದ್ರು ಮೇಡಂ," ಎಂದರು. "ಹನ್ನೊಂದು ವರ್ಷ ಆಯ್ತು ನಾನು ಇದು ನೋಡಿ. ಮನೇಲಿ ನಮಾಜೂ ಕುರ್ಚಿ ಮೇಲೆ ಕೂತೇ ಮಾಡ್ತಾರೆ."

ಆಮೇಲೆ ಮೆಟ್ಟಿಲ ಮೇಲೆ ಕೂತು ಕುಲ್ಸುಮ್ ಅವರೇ ಹೇಳಿದರು. ಬೆನ್ನು ಬಿದ್ದಾಗ ಡಾಕ್ಟರು ದಿನಾ ನೀರಲ್ಲಿ ನಡೆಯಿರಿ ಎಂದರಂತೆ. ಸ್ವಿಮ್ಮಿಂಗ್ ಪೂಲಿಗೆ ಹೋಗುವ ಮನೆಯೇ ಅವರದು? ಅದಕ್ಕೇ ಬಾಷಾ ಕೊಳದ ಕಳೆ ಕೀಳುವ ಕೆಲಸ ಹಿಡಿದದ್ದು. ಮೂರು ಕಡೆ ಸಿಕ್ಕಿತ್ತು. ಒಂದನ್ನು ಛತ್ರದವರು ಮುಚ್ಚಿದರು, ಇನ್ನೊಂದಕ್ಕೆ ಬೇಲಿ ಬಿತ್ತು.

"ಇದೊಂದೇ ಉಳಿದಿರೋದು ಮೇಡಂ. ಇವ್ರು ಬಾಯಿಬಿಟ್ಟು ಹೇಳಲ್ಲ. ನೀರಲ್ಲಿದ್ದಾಗ ನೋವು ಇರಲ್ವಂತೆ. ರಾತ್ರಿ ಮನೇಲಿ, ನಾಳೆ ಕೊಳಕ್ಕೆ ಹೋಗ್ಬೇಕು ಅಂತ ಹೇಳ್ಕೊಂಡೇ ಮಲಗ್ತಾರೆ."

ಅಲ್ಲಿಂದ ಕುಲ್ಸುಮ್ ದಿನಾ ಬುತ್ತಿ ತರತೊಡಗಿದರು. ಬಾಷಾ ಏನೂ ಮರೆಯುತ್ತಿರಲಿಲ್ಲ, ಬೇಕೆಂದೇ ಬಿಟ್ಟು ಬರುತ್ತಿದ್ದರು ಎಂದು ನನಗೆ ಅನುಮಾನ.

ಮಾರ್ಚ್ ಸಭೆಯಲ್ಲಿ ಕಾಶಿನಾಥರು ಮತ್ತೆ ಮುಚ್ಚುವ ಮಾತೆತ್ತಿದರು. ಕೆಟ್ಟ ಮನುಷ್ಯರೇನಲ್ಲ, ಅಳತೆ ಇಲ್ಲದ ಯಾವುದನ್ನೂ ನಂಬುವುದಿಲ್ಲ ಅಷ್ಟೆ. ನಾನು ತಟ್ಟೆಯ ವಿಷಯ ಹೇಳಿದ್ದೇ ಅವರ ಕಣ್ಣು ಅರಳಿತು. ಟೇಪು ತಂದು ತಟ್ಟೆಯ ದಾರಕ್ಕೆ ಸರಿಯಾಗಿ ಒಂದು ಮೊಳಕ್ಕೆ ಕೆಂಪು ಗಂಟು ಹಾಕಿದರು. ಜುಲೈ ಎರಡನೇ ಭಾನುವಾರ ವಾರ್ಷಿಕ ಸಭೆ. ಅವತ್ತು ಗಂಟಿನವರೆಗೆ ಇಳಿದ ತಟ್ಟೆ ಕಣ್ಣಿಗೆ ಕಂಡರೆ ಕೊಳ ಉಳಿಯುತ್ತದೆ, ಕಾಣದಿದ್ದರೆ ಲಾರಿ ಮಣ್ಣು. ಕೈ ಎತ್ತಿದರು, ಪಾಸಾಯಿತು.

ಆಗ ತಟ್ಟೆ ಒಂದು ಗೇಣಿನಲ್ಲಿತ್ತು. ಏಪ್ರಿಲ್ ಕಳೆಯಿತು, ಅಲ್ಲೇ. ಮೇ ಕಳೆಯಿತು, ಮಳೆ ಬಂತು, ಅಲ್ಲೇ. ನನಗೆ ತಲೆ ಕೆಟ್ಟುಹೋಯಿತು. ಕಾರಣ ಕಣ್ಣೆದುರಿಗೇ ಇದೆ, ಈ ಮನುಷ್ಯ ಬಿಟ್ಟಿರುವ ಜೊಂಡು ಮತ್ತು ಅಂತರಗಂಗೆಯೇ ನೀರು ಕೆಡಿಸುತ್ತಿದೆ ಎಂದು ತೀರ್ಮಾನಿಸಿದೆ. ಹೇಳಿದರೆ ಕೇಳುವುದಿಲ್ಲ, ತಲೆ ಎತ್ತಿ ಉತ್ತರವೂ ಕೊಡುವುದಿಲ್ಲ.

ಬಕ್ರೀದಿಗೆ ಬಾಷಾ ನಾಲ್ಕು ದಿನ ರಜೆ ಹೇಳಿ ಹೋದರು. ಅದನ್ನೇ ಕಾಯುತ್ತಿದ್ದವಳ ಹಾಗೆ ನಾನು ಮುನಿಕೆಂಪಮ್ಮನ ಜೊತೆಗೆ ಮೂವರು ಆಳು ಇಳಿಸಿದೆ. ಒಂದು ಎಸಳೂ ಉಳಿಯಬಾರದು ಎಂದೆ.

"ಸಾಬ್ರು ಅದು ಮುಟ್ಬ್ಯಾಡಿ ಅಂದವ್ರೆ ಅಮ್ಮೋರೆ," ಎಂದಳು ಮುನಿಕೆಂಪಮ್ಮ.

"ಕಮಿಟಿ ನಾನೋ ಸಾಬ್ರೋ?" ಎಂದೆ. ಅವಳು ಸೆರಗು ಸೊಂಟಕ್ಕೆ ಸಿಗಿಸಿ ಇಳಿದಳು.

ಎರಡು ದಿನದಲ್ಲಿ ಕೊಳ ಬೋಳಾಯಿತು. ಆಹಾ, ಏನು ಚೆಂದ ಕಂಡಿತು ಎನ್ನುತ್ತೀರಿ. ನಾನು ಫೋಟೋ ತೆಗೆದು ಸಂಘದ ಗ್ರೂಪಿಗೆ ಹಾಕಿದೆ, ಎಪ್ಪತ್ತು ಜನ ಹೆಬ್ಬೆರಳು ಎತ್ತಿದರು. ಅದೇ ರಾತ್ರಿ ಜೋರು ಮಳೆ ಬಂತು. ಆಮೇಲೆ ಎರಡು ದಿನ ಸುಡು ಬಿಸಿಲು. ಐದನೇ ಬೆಳಿಗ್ಗೆ ಹೋಗಿ ನೋಡಿದರೆ ಕೊಳ ಪೂರ್ತಿ ಬಟಾಣಿ ಸಾರಿನ ಹಾಗೆ ಹಸಿರು, ಮೇಲೆ ನೊರೆ. ಮೂರು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಬಾಷಾ ಬಂದರು. ಬೋಳು ಅಂಚನ್ನು ನೋಡಿದರು. ಬೈಯಲಿ ಎಂದು ನಾನು ಕಾದೆ, ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ತಟ್ಟೆ ಇಳಿಸಿದರು. ಎರಡು ಬೆರಳು. ತಟ್ಟೆ ಮೇಲೆತ್ತಿ ತೊಡೆಯ ಮೇಲಿಟ್ಟುಕೊಂಡರು.

"ಮೇಡಂ, ರೋಸಿಗೆ ಕಡಲೆಹಿಂಡಿ ನೆನೆಸಿ ಹಾಕ್ತೀರಲ್ವಾ?" ಎಂದು ಕೇಳಿದರು.

"ಹೌದು. ಎರಡು ಡ್ರಮ್, ವಾರಕ್ಕೊಂದು ಸಲ."

"ಮಳೆ ಬಂದ್ರೆ ಅದು ಎಲ್ಲಿಗೆ ಇಳಿಯುತ್ತೆ?"

ನಾನು ಇಳಿಜಾರು ನೋಡಿದೆ. ಗುಲಾಬಿ ಮಡಿ, ಅದರ ಕೆಳಗೆ ಬೋಳು ಅಂಚು, ಅದರ ಕೆಳಗೆ ಹಸಿರು ನೀರು. ಮಣ್ಣಿನಲ್ಲಿ ಹರಿದು ಹೋದ ಗೆರೆಗಳು ಕೈಬೆರಳ ಹಾಗೆ ಕಾಣುತ್ತಿದ್ದವು. ಇಷ್ಟು ವರ್ಷ ಈ ಕೊಳದ ಪಾಚಿಗೆ ಊಟ ಹಾಕಿ ಸಾಕಿದವಳು ನಾನೇ.

"ನಿಮಗೆ ಯಾವಾಗ ಗೊತ್ತಾಯ್ತು?" ಎಂದೆ.

"ಮೊದಲನೇ ದಿನಾನೇ. ಡ್ರಮ್ ವಾಸನೆ ಬರ್ತಿತ್ತಲ್ಲ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?"

"ಪ್ರೈಜ್ ಬಂದ ಗಿಡ ಅಂತ ಅವತ್ತೇ ತೋರಿಸಿದ್ರಿ. ಅಷ್ಟು ಆಸೆಯಿಂದ ಸಾಕಿರೋದು, ಅದರ ಊಟ ಕಿತ್ಕೊಳ್ಳಿ ಅಂತ ಹೆಂಗೆ ಹೇಳ್ಲಿ? ಹಿಂಡಿ ನೀರು ಇಳಿದು ಬಂದ್ರೆ ಬರ್ಲಿ, ಜೊಂಡು ಕುಡ್ಕೊಳ್ಳುತ್ತೆ ಅಂತ ಅಲ್ಲಿ ಬಿಟ್ಟಿದ್ದೆ. ಲೇಟಾಗುತ್ತೆ, ಆದ್ರೂ ರೋಸೂ ಉಳಿಯುತ್ತೆ, ಕೊಳಾನೂ ಉಳಿಯುತ್ತೆ ಅಂದ್ಕೊಂಡೆ."

ನನಗೆ ಅಳು ಬಂತು. ಮುಚ್ಚಿಟ್ಟು ಹೇಳುವುದೇನಿದೆ, ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಈ ಮನುಷ್ಯನ ಪಾಲಿಗೆ ಉಳಿದಿದ್ದದ್ದು ಈ ಒಂದು ಕೊಳ, ಅದನ್ನು ಪಣಕ್ಕಿಟ್ಟು ನನ್ನ ಗುಲಾಬಿಯ ಮರ್ಯಾದೆ ಕಾದಿದ್ದರು. ನಾನು ಅವರು ಹಬ್ಬಕ್ಕೆ ಹೋದ ಹೊತ್ತು ನೋಡಿ ಬುಡಸಮೇತ ಕಿತ್ತಿದ್ದೆ. ಜುಲೈ ಸಭೆಗೆ ಇನ್ನು ಒಂದು ತಿಂಗಳು.

"ಜೊಂಡಿನ ಗೆಡ್ಡೆ ಎಲ್ಲಾ ಗುಂಡಿಗೆ ಹೋಯ್ತಾ?" ಎಂದು ಬಾಷಾ ಕೇಳಿದರು.

ಹಿಂದೆ ನಿಂತಿದ್ದ ಮುನಿಕೆಂಪಮ್ಮ ಕೆಮ್ಮಿದಳು. "ಇಲ್ಲ ಸಾಬ್ರೇ. ಒಂದು ರಾತ್ರಿ ಇಲ್ಲೇ ಇರ್ಬೇಕು ಅಂತೀರಲ್ಲ ನೀವು. ಬಲೆಚೀಲಕ್ಕೆ ತುಂಬಿ ಆ ಮರದ ಕೆಳಗೆ ನೀರಿಗೆ ಕಟ್ಟಿದ್ದೆ. ಆಮ್ಯಾಕೆ ಬಿಸಾಕಕ್ಕೆ ಮನಸ್ಸು ಬರ್ನಿಲ್ಲ. ಅಮ್ಮೋರಿಗೆ ಏಳ್ನಿಲ್ಲ."

ಹೊಂಗೆ ಮರದ ನೆರಳಲ್ಲಿ ಹದಿಮೂರು ಕೆಂಪು ಚೀಲ ನೀರಲ್ಲಿ ಮುಳುಗಿದ್ದವು. ಬಲೆಯ ಕಣ್ಣಿನಿಂದ ಆಗಲೇ ಹಸಿರು ಮೊಳಕೆ ಹೊರಗೆ ಬಂದಿತ್ತು.

ಅವತ್ತೇ ಹಿಂಡಿ ಡ್ರಮ್ಮುಗಳನ್ನು ಪಾರ್ಕಿನ ಆಚೆ ತುದಿಗೆ ಉರುಳಿಸಿದೆ. ಆಗಸ್ಟಿನ ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದೆ, ಫೋನ್ ಮಾಡಿ ಬೇಡ ಎಂದೆ. ಬಾಷಾ ನೀರಲ್ಲಿ ನಿಂತು ಗೆಡ್ಡೆಗಳನ್ನು ಅಂಚಿನ ಕೆಸರಿಗೆ ಒಂದೊಂದಾಗಿ ಒತ್ತಿದರು. ಮಡಿಯ ಕೆಳಗೆ ಕಾಲುವೆ ತೋಡಿಸಿದೆವು. ಬೆಳಿಗ್ಗೆ ಪಾಚಿ ಸುತ್ತುವುದು, ಸಂಜೆ ತಟ್ಟೆ ಇಳಿಸುವುದು. ನಾಲ್ಕು ಬೆರಳಾಯಿತು. ಅರ್ಧ ಗೇಣಾಯಿತು. ಜುಲೈ ಬಂದಾಗ ಒಂದು ಗೇಣು ದಾಟಿತು. ಕೊನೆಯ ವಾರ ದಾರ ನೋಡಲು ನನಗೆ ಧೈರ್ಯ ಸಾಲದೆ ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಭಾನುವಾರ ಬಂತು. ಸಭೆ ಕೊಳದ ದಡದಲ್ಲೇ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿ. ನೂರಕ್ಕೆ ಹತ್ತಿರ ಜನ. ಕುಲ್ಸುಮ್ ಬುತ್ತಿ ಹಿಡಿದು ಹೊಂಗೆ ಮರದ ಕೆಳಗೆ ನಿಂತಿದ್ದರು. ಬಾಷಾ ನೀರಿಗೆ ಇಳಿದು, ಸೊಂಟ ದಾಟುವ ನೀರಲ್ಲಿ ತಟ್ಟೆ ಹಿಡಿದು ನೆಟ್ಟಗೆ ನಿಂತರು.

"ಒಂದು ನಿಮಿಷ," ಎಂದರು ಕಾಶಿನಾಥ. "ದಡದಿಂದ ನೋಡಿದ್ರೆ ಆಕಾಶ ಹೊಳೆಯುತ್ತೆ, ಸರಿಯಾಗಿ ಕಾಣಲ್ಲ. ಸಂಘದ ಮೆಂಬರ್ ಒಬ್ರು ಇಳಿದು ಮೇಲಿಂದ ನೋಡಿ ಹೇಳ್ಬೇಕು. ಬಾಷಾ ಅವರೇ ನೋಡಿ ಬಾಷಾ ಅವರೇ ಹೇಳಿದ್ರೆ ರೆಕಾರ್ಡಿಗೆ ಆಗಲ್ಲ."

ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಎದ್ದೆ. ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಮೆಟ್ಟಿಲಿಳಿದೆ. ಅಷ್ಟು ವರ್ಷ ಆ ಕೊಳದ ಯಜಮಾನಿಕೆ ಮಾಡಿದವಳು ಮೊದಲ ಸಲ ಅದರ ನೀರು ಮುಟ್ಟಿದೆ. ತಳದ ಕೆಸರು ಕಾಲ್ಬೆರಳ ಸಂದಿಯಲ್ಲಿ ಮೆತ್ತಗೆ ನುಗ್ಗಿತು. ದಪದಪ ಹೆಜ್ಜೆ ಹಾಕಿ ಬಾಷಾ ಪಕ್ಕದಲ್ಲಿ ಹೋಗಿ ನಿಂತೆ. ಅವರು ಕೆಂಪು ಗಂಟಿನವರೆಗೆ ದಾರ ಬಿಟ್ಟರು. ನಾನು ಬಗ್ಗಿ ನೋಡಿದೆ.

ತಟ್ಟೆ ಇರಲಿಲ್ಲ. ಕಂದು ನೀರು, ಅಷ್ಟೇ.

ಸುಳ್ಳು ಹೇಳಬಹುದಿತ್ತು. ಕಾಣುತ್ತಿದೆ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ಬಾಯಿಯವರೆಗೂ ಬಂತು, ನಾನು ದೇವರಾಣೆ ಹೇಳುತ್ತೇನೆ. ಬಾಷಾ ಮೆಲ್ಲಗೆ, "ಇದ್ದದ್ದು ಹೇಳಿ ಮೇಡಂ" ಎಂದರು.

"ಕಾಣ್ತಿಲ್ಲ," ಎಂದೆ, ದಡಕ್ಕೆ ಕೇಳುವ ಹಾಗೆ.

ಕಾಶಿನಾಥರು ಪೆನ್ನು ತೆಗೆದರು. ಮರದ ಕೆಳಗೆ ಕುಲ್ಸುಮ್ ಬುತ್ತಿಯನ್ನು ನೆಲಕ್ಕಿಟ್ಟರು.

"ಇದ್ದದ್ದು ಹೇಳಿದ್ರಿ. ಈಗ ಅಲ್ಲಾಡ್ಬೇಡಿ ಮೇಡಂ," ಎಂದರು ಬಾಷಾ, ಅದೇ ದನಿಯಲ್ಲಿ. "ಇದು ನಿಮ್ಮ ಕಾಲಿಂದ ಎದ್ದ ಮಣ್ಣು. ಅದು ಇಳೀಲಿ. ನೆಟ್ಟಗೆ ನಿಂತ್ಕೊಳ್ಳಿ."

ನಾನು ನಿಂತೆ. ಮೂವತ್ತೊಂದು ವರ್ಷ ಮಕ್ಕಳನ್ನು ಬಿಸಿಲಲ್ಲಿ ಅಲ್ಲಾಡದೆ ನಿಲ್ಲಿಸಿದವಳಿಗೆ ತಾನು ನಿಲ್ಲುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. ಸುಮ್ಮನೆ ನಿಲ್ಲಲಾರದೆ ಬಾಯಿ ತೆರೆದೆ. ಹಿಂಡಿಯ ಡ್ರಮ್ಮು, ಇಳಿಜಾರು, ಜೊಂಡು, ಬಕ್ರೀದಿನ ದಿನ ನಾನು ಮಾಡಿದ್ದು, ಎಪ್ಪತ್ತು ಜನ ಹೆಬ್ಬೆರಳು ಎತ್ತಿದ ಆ ಫೋಟೋ, ಎಲ್ಲವನ್ನೂ ನೀರಲ್ಲಿ ನಿಂತೇ ದಡದವರಿಗೆ ಹೇಳಿ, ಕೊಳ ಕೆಡಿಸಿದ್ದು ನಾನು, ಇವರಲ್ಲ ಎಂದೆ. ಕಾಶಿನಾಥರ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು.

ಹೇಳಿ ಮುಗಿಸಿ, ಬಾಷಾ ಏನೆಂದುಕೊಂಡರೋ ಎಂದು ಅವರ ಕಡೆ ತಿರುಗಿದೆ. ಎದುರಿಗೆ ಅಂಗಿಯ ಎರಡನೇ ಗುಂಡಿ ಕಂಡಿತು. ಮುಖ ನೋಡಲು ನಾನು ತಲೆ ಎತ್ತಬೇಕಾಯಿತು. ಇನ್ನೂ ಎತ್ತಬೇಕಾಯಿತು. ನನಗಿಂತ ಒಂದೂವರೆ ಗೇಣು ಎತ್ತರದಲ್ಲಿ, ಅಗಲ ಹಣೆಯ, ಒಂದು ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿದ್ದ ಒಂದು ಮುಖ ನೀರು ನೋಡುತ್ತಿತ್ತು. ಅಬ್ಬಾ, ಎಷ್ಟು ದೊಡ್ಡ ಆಳು. ಇಷ್ಟೆತ್ತರದ ಮನುಷ್ಯನ ಟೋಪಿಯ ನೆತ್ತಿ ನೋಡಿಕೊಂಡು ನಾನು ಎಂಟು ತಿಂಗಳು ಜೋರು ಮಾಡಿದ್ದೆ.

"ನೋಡಿ ಮೇಡಂ," ಎಂದರು.

ಕೆಳಗೆ ನೋಡಿದೆ. ಕಂದು ನೀರಿನೊಳಗೆ ಎಲ್ಲೋ ಒಂದು ಮಸುಕು. ಅದು ಅಲ್ಲೇ ಇತ್ತು, ನೀರು ಅದರ ಮೇಲಿಂದ ಮೆಲ್ಲಮೆಲ್ಲಗೆ ಸರಿಯುತ್ತಿತ್ತು. ಮೊದಲು ಅಂಚು ಕಂಡಿತು, ಆಮೇಲೆ ನೀಲಿ ಗೆರೆ, ಆಮೇಲೆ ಅಂಚಿನ ಮೂರು ತೂತು, ಆಮೇಲೆ ಒಳಗಿನ ಕಲ್ಲು. ಒಂದು ಬೆರಳುದ್ದದ ಮೀನು ಬಂದು ತಟ್ಟೆಯ ಮೇಲೆ ನಿಂತು, ಹೋಯಿತು. ಕೆಂಪು ಗಂಟು ಸರಿಯಾಗಿ ನೀರಿನ ಮಟ್ಟದಲ್ಲಿತ್ತು.

"ಕಾಣ್ತಿದೆ," ಎಂದೆ. ಜೋರಾಗಿ ಹೇಳಲು ಆಗಲಿಲ್ಲ. ಕಾಶಿನಾಥರು ಕೇಳಿಸಲಿಲ್ಲ ಎಂದು ಪ್ಯಾಂಟು ಮಡಚಿ ತಾವೇ ಮೂರು ಮೆಟ್ಟಿಲು ಇಳಿದು ಬಂದರು. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಮತ್ತೆ ಮೇಲೆ ಹೋಗಿ ಪುಸ್ತಕದಲ್ಲಿ ಬರೆದರು. ಕೊಳ ಉಳಿಯಿತು.

ಬಾಷಾ ಮೆಟ್ಟಿಲು ಹತ್ತಿದರು. ನೀರು ಸೊಂಟಕ್ಕಿಳಿಯಿತು, ತೊಡೆಗಿಳಿಯಿತು, ಅವರು ಅದರ ಜೊತೆಗೇ ಬಾಗುತ್ತ ಬಂದರು. ಏಳನೇ ಮೆಟ್ಟಿಲಲ್ಲಿ ಕೋಲು ಕೈಗೆ ತೆಗೆದುಕೊಂಡಾಗ ಮತ್ತೆ ನನ್ನ ಭುಜಕ್ಕೆ ಬಂದಿದ್ದರು. ತಟ್ಟೆಯನ್ನು ನಲ್ಲಿಯಲ್ಲಿ ತೊಳೆದು ಕುಲ್ಸುಮ್ ಕೈಗೆ ಕೊಟ್ಟರು. ಊಟದ ಹೊತ್ತಾಗಿತ್ತು.

ಈಗ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಅವರು ಗೇಟು ದಾಟಿ ಬರುವುದು ಕಂಡರೆ ನಾನು ಹೋಗಿ ಮೆಟ್ಟಿಲ ಮೇಲೆ ಕೂತುಕೊಳ್ಳುತ್ತೇನೆ. ಕೂತರೆ ಅವರ ಮುಖ ಕಾಣುತ್ತದೆ.